ಕತ್ತಲಿ ಲೆಕ್ಕ

ನುಸಿಗುಳಿಗಿ ವಾಸನಿ ಕುಡದ ಕಪಾಟಿನಿಂದ
ಇವತ್ತು ಇಳದದ್ದು ಭಂಗಿ ಗಿಡ,
ಹಾಳಿ ನಂಬರ ಎರಡು ಸಾವಿರದ ನೂರಾ ಹದಿನೇಳು.
ಧಾರವಾಡದ ಜಿಟಿಜಿಟಿ ಮಳಿಗೆ ಅಂಟು ಬಿಟ್ಟಿತ್ತು,
ಟೊಂಗಿ ಅರ್ಧ ಎದ್ದಿತ್ತು
ನಿದ್ದಿಗಣ್ಣಾಗ ಹಾಸಗಿ ಬಿಟ್ಟು ಏಳೋರಂಗ.

ಚೀಟಿ ಮ್ಯಾಲ ಬಾಗಿದ ಅಕ್ಷರ, ತುಕ್ಕಿನ ಬಣ್ಣದ ಮಸಿ:
ಡಂಬಳದ ಹತ್ರ, ಎರಿ ಹೊಲ, ಆಳೆತ್ತರ.
ಎಲಿ ಸಪೂರ. ಹೂವು ಬಾಳ ತಡ.
ತಂದವರ ಹೆಸರಿನ ಜಾಗಾ ಹುಳಾ ತಿಂದೈತಿ.

‘ಇದರ ಮೂಲ ಯಾವ್ದು ಚಂಬವ್ವಾ?’
ಹುಬ್ಬಳ್ಳಿಯಿಂದ ದಿನಾ ಬಸ್ಸಿಗೆ ಬರೋ ತಸ್ನೀಮ
ಕೇಳಿದಂಗ ಮಾಡಿ ತಾನ ಹೇಳತಾಳ:
ಹಿಮದ ಗುಡ್ಡದ ಬುಡ, ಬೈರಾಗಿ ಜೋಳಿಗಿ,
ಕುದುರಿ ಮಾರೋರ ಗೋಣಿಚೀಲದ ಹೊಲಿಗಿ ಸಂದಿ.
ತೆಂಕಣಕ ಇಳದಂಗ ಇಳದಂಗ
ಎಲಿ ಸಣ್ಣಾತು, ಹೂವಿನ ದಾರಿ ಉದ್ದಾತು.
ಇರಬಹುದು.
ನನಗ ಗೊತ್ತಿದ್ದದ್ದು ಫಕ್ಕೀರವ್ವನತನಕ.

ಫಕ್ಕೀರವ್ವ, ನನ್ನವ್ವನ ಅವ್ವ,
ಲೈಸೆನ್ಸ ಹೊಲದಾಗ ಗಂಡು ಕೀಳಾಕ ಹೋಗ್ತಿದ್ಲು.
ಮಾನೌಮಿ ಮುಗದು ಹಗಲು ಗೇಣು ಕಿರಿದಾದಾಗ
ಗಿಡಾ ಗುಟ್ಟು ಬಿಡತೈತಿ, ಅನ್ನಾಕಿ.
ಎಲಿ ನೋಡಬ್ಯಾಡ, ಗೆಣ್ಣು ನೋಡು.
ಹೆಸರುಕಾಳಿನಂಥ ಗೊಂಚಲು ಜೋತ್ರ ಗಂಡು,
ಬೆಕ್ಕಿನ ಮೀಸಿಯಂಗ ಎರಡು ಬಿಳಿ ಎಳಿ
ಹೊರಗ ಇಣುಕಿದ್ರ ಹೆಣ್ಣು.
ಇಬ್ಬನಿ ಆರೂದ್ರೊಳಗ ಕೀಳಬೇಕು ಗಂಡು;
ಬಿಸಲೇರಿತೋ, ಹಳದಿ ಧೂಳು ಹಾರಿ
ಹೊಲಕ್ಕ ಹೊಲಾನ ಬಸರು.

ಗಂಡಿಲ್ಲದ ಸಾಲಿನ್ಯಾಗ ಹೆಣ್ಣು
ಹೂವಿನ ಮ್ಯಾಲ ಹೂವು ಇಡತಾವು.
ಕಾರ್ತೀಕ ದಾಟತೈತಿ, ಛಟ್ಟಿ ಅಮಾಸಿ ದಾಟತೈತಿ,
ಬಿಳಿ ಎಳಿ ಕೆಂಪಾಗಿ ಸುರುಳಿ ಸುತ್ತತಾವು,
ತೆನಿ ಮೈ ತುಂಬ ಅಂಟು.
ನೀರಿಗೆ ಹೋಗೂದಿಲ್ಲ ಅದು, ಕುಸುಬಿ ಎಣ್ಣಿ ಹಚ್ಚಿ ತಿಕ್ಕಬೇಕು.
ತಿಕ್ಕದ ಕೈಲೆ ರೊಟ್ಟಿ ಬಡದ ದಿನ
ಅಜ್ಜ ಏನೂ ಅನ್ನದ
ಎರಡು ರೊಟ್ಟಿ ಹೆಚ್ಚು ತಿಂತಿದ್ದನಂತ.

ಒಂದು ವರ್ಷ ಕಳ್ಳರ ಭೇ.
ಅಬಕಾರಿ ಜವಾನ ರಾಣೋಜಿ ಮಂಚಿಕಿ ಮ್ಯಾಲ
ಕಂದೀಲು ಹಚ್ಚಿಟ್ಟು ರಾತ್ರೆಲ್ಲ ಕುಂತ.
ಬೆಳಕು ಬಿದ್ದಲ್ಲಿತನಕ ಗಿಡಾ ಹೂವಾ ಬಿಡಲಿಲ್ಲ,
ಹಚ್ಚಗ, ಮಳ್ಳರಂಗ, ಬರೇ ಎಲಿ ಬಿಟಗೋತ ನಿಂತುವು.
ಗೌಡ್ರು ರೋಗ ಅಂದ್ರು. ಮಂದಿ ಮಾಟ ಅಂದ್ರು.
ಫಕ್ಕೀರವ್ವ ಬತ್ತಿ ಇಳಿಸಿ ಅಂದ್ಲು:
‘ನಿಮ್ಮ ಸಾಹೇಬ ಹಗಲಿನ ಲೆಕ್ಕಾ ಬರೀತಾನ.
ಗಿಡಾ ಕತ್ತಲಿ ಲೆಕ್ಕಾ ಬರೀತೈತಿ, ತಮ್ಮಾ,
ಅದರ ವಹಿ ಮ್ಯಾಲ ದೀಪಾ ಹಿಡೀಬ್ಯಾಡ.’

ಮುಂದ ಲೈಸೆನ್ಸ ಹೋತು. ಹತ್ತಿ ಬಂತು, ಕಡ್ಲಿ ಬಂತು.
ಈಗ ಕಪ್ಪತಗುಡ್ಡದ ಗಾಳಿ ಗಿರಣಿ ನೆರಳು
ಆ ಹೊಲದಾಗ ತಿರಗತೈತಿ, ಬಿತ್ತೂದಿಲ್ಲ ಬೆಳೆಯೂದಿಲ್ಲ.

ಹಾಳಿ ಮೂಲ್ಯಾಗ ಮಡಚಿದ ಪೊಟ್ಟಣ.
ಬಿಚ್ಚಿದ್ರ ಒಂದ ಬೀಜ,
ಬುರ್ಲಿ ತತ್ತಿಯಂಗ ಚುಕ್ಕಿ ಚುಕ್ಕಿ.
ತಸ್ನೀಮ ಕನ್ನಡಕ ಏರಿಸಿದ್ಲು:
‘ಹೆಣ್ಣ ಹೊಲದಾಗ ಬೀಜ?
ಅಂದ್ರ ಕೀಳೋರು ಎಲ್ಲೋ ತಪ್ಪ್ಯಾರ.’

ತಪ್ಪಿಲ್ಲವಾ.
ಬಾವಿ ಹಿಂದ, ಗಾಳಿ ಬೀಸಿ ಹೋಗೋ ದಂಡಿಗೆ
ವರ್ಷಾ ಒಂದು ಗಂಡು ಬಿಡ್ತಿದ್ಲು, ಯಾರಿಗೂ ಹೇಳದ.
ಎತ್ತರದ್ದಲ್ಲ, ಧಿಮಾಕಿಂದಲ್ಲ;
ಎಲ್ಲಾರಕಿಂತ ತಡಾ ಮಾಡಿ ಗೊಂಚಲು ಬಿಟ್ಟದ್ದು.
‘ಅವಸರದ ಗಂಡಿನ ಬೀಜ ನಮಗ ಬ್ಯಾಡ’ ಅನ್ನಾಕಿ,
ಅಜ್ಜನ ಕಡೆ ನೋಡಿ ನಗಾಕಿ.

ಚೀಟಿ ಮ್ಯಾಲಿನ ‘ಹೂವು ಬಾಳ ತಡ’
ಮಣ್ಣಿನ ಗುಣ ಅಂತ ಬರದಿದ್ಲು ತಸ್ನೀಮ.
ಪೆನ್ನು ಹಾಗೇ ಹಿಡಕೊಂಡು ಕುಂತಾಳ.

ಬೀಜ ಇನ್ನ ಹುಟ್ಟೂದಿಲ್ಲ. ಪೊಟ್ಟಣಕ್ಕ ಹಾಕಿ ಮಡಚಿದೆ.
ಟೊಂಗಿಗೆ ಅಂಟು, ಗೆಣ್ಣಿಗೆ ಬಿಳಿ ದಾರದ ಹೊಲಿಗಿ.
ಐದಾತು. ಹೊರಗ ಸೈಕಲ್ಲಿನ ಸ್ಟ್ಯಾಂಡು ತಗದ ಸಪ್ಪಳ.
ಕಪಾಟಿನ ಬಾಗಲಾ ಇನ್ನೂ ಹಾಕಿಲ್ಲ,
ಮೊದಲ ಟ್ಯೂಬಲೈಟ ಆರಸತೀನಿ.