ಗಾಲಿಯ ದನಿ

ಸೆಂಡಾಫ್ ದಿನ ಮೈಕು ಕೈಗಿಟ್ಟು ಅಂದ್ರು,
"ಫಕ್ಕೀರಪ್ಪ, ಮೂವತ್ತಾರು ವರ್ಷ! ನಾಕು ಮಾತಾಡು."
ಬಾಯಿ ಕಟ್ಟಿತು.

ಏನಂತ ಹೇಳಲಿ?
ಹುಬ್ಬಳ್ಳಿ ಸ್ಟೇಷನ್ನಿನ ನಡುರಾತ್ರಿ
ಗಾಡಿ ನಿಂತಷ್ಟು ಹೊತ್ತು
ಉದ್ದನ್ನ ಕಾವಿನ ಸುತ್ತಿಗಿ ಹಿಡಿದು
ಗಾಲಿ ಗಾಲಿಗೂ ಒಂದೊಂದು ಪೆಟ್ಟು.
ಟಣ್ ಅಂದ್ರ ಮುಂದಕ್ಕ.
ದಬ್ ಅಂದ್ರ ನಿಲ್ಲು, ಬಗ್ಗು, ಕಂದೀಲು ಹಿಡಿ.

ದಬ್ ಅಂದದ್ದು ಮೂರೇ ಸಲ.
ಉಳಿದದ್ದೆಲ್ಲ ಟಣ್.
ಕಿಟಕಿಯೊಳಗಿಂದ ನಿದ್ದಿಗಣ್ಣಿನ ಮಂದಿ
ಬೈದದ್ದೂ ಉಂಟು: "ಯಾವನೋ ಇವ, ಹೊತ್ತು ಗೊತ್ತಿಲ್ಲ!"

ಏನೂ ಆಗದಂಗ ನೋಡಿಕೊಂಡೆ ಅಂತ
ಮೈಕಿನೊಳಗ ಹೆಂಗ ಹೇಳೂದು?
ಆಗದ್ದಕ್ಕ ಸಾಕ್ಷಿ ಇರೂದಿಲ್ಲ.
ಧಾರವಾಡ ದಾಟಿ, ಅಳ್ನಾವರ ದಾಟಿ
ಅವರು ಕಣ್ಣು ತಿಕ್ಕೊಂತ ಇಳಿದು ಚಾ ಕುಡಿದರು, ಅಷ್ಟ.

ಈಗ ಸುತ್ತಿಗಿ ಇಲ್ಲ, ಚಟ ಐತಿ.
ದುರ್ಗದಬೈಲಿನಾಗ ಗಡಿಗಿ ಕೊಳ್ಳೋರು
"ಅಜ್ಜಾರ, ಬಾರಿಸಿ ನೋಡ್ರಿ" ಅಂತಾರ.

ಮೊನ್ನೆ ಕೆಮ್ಮು ಅಂತ ದವಾಖಾನಿಗೆ ಹೋದೆ.
ಸಣ್ಣ ವಯಸ್ಸಿನ ಡಾಕ್ಟರು, ನಿದ್ದಿಗೆಟ್ಟ ಕಣ್ಣು;
ಬೆನ್ನ ಮ್ಯಾಲ ಬೆರಳಿಟ್ಟು
ಇನ್ನೊಂದು ಬೆರಳಿಲೆ ಬಡಿದ.
ಬಡಿದು, ಸುಮ್ಮನಾಗಿ, ಕೇಳಿದ.

ಆ ಸುಮ್ಮನಾಗೂದರ ಗುರುತು ನನಗ ಹತ್ತಿತು.

"ಹೆಂಗೈತ್ರಿ ದನಿ?" ಅಂದೆ.
ಕೈ ಎತ್ತಿ, ತಡಿ ಅಂದ.
ಇನ್ನೊಂದು ಪೆಟ್ಟು.