ಷರಾ

ಖಡಕ್‌ವಾಸ್ಲಾದ ನೀರಿನ ಮೇಲೆ, ಜನವರಿಯ ಭಾನುವಾರ,
ಲಂಗರು ಬಿಟ್ಟ ಲಾಂಚಿನಲ್ಲಿ ನಾವು ಮೂವರು:
ಬಾವುಟ ಏರಿಸುವ ಸೋಪಾನಮಾಮ,
ಹಾರ್ನ್ ಒತ್ತುವ ಹೋಶಂಗ್ ಸಾಹೇಬರು,
ಕೊರಳಲ್ಲಿ ಎರಡು ಸ್ಟಾಪ್‌ವಾಚು ತೂಗಿಸಿಕೊಂಡ ನಾನು.
ಎರಡೇಕೆ? ಒಂದು ನಿಂತರೆ ಇನ್ನೊಂದಿರಲಿ ಎಂದು.
ಮನೆಯಲ್ಲಿ ಹೀಗೆಂದಾಗ ಗಂಡ ಯಾಕೋ ನಗಲಿಲ್ಲ.

ಐದು ನಿಮಿಷ. ಮೊದಲ ಬಾವುಟ ಮೇಲೆ.
ನಾಲ್ಕು. ನೀಲಿಯ ನಡುವೆ ಬಿಳಿ ಚೌಕದ್ದು.
ಒಂದು. ನೀಲಿ ಇಳಿಯಿತು.
ಹದಿನಾಲ್ಕು ಹಾಯಿಗಳು ಗೆರೆಯ ಹಿಂದೆ
ರೇಷನ್ ಅಂಗಡಿಯ ಸರದಿಯಂತೆ ನೂಕಾಡುತ್ತವೆ.
"ಸ್ಟಾರ್‌ಬೋರ್ಡ್! ಸ್ಟಾರ್‌ಬೋರ್ಡ್!"
ಹನ್ನೆರಡರ ಹುಡುಗ ಅರವತ್ತರ ಡಾಕ್ಟರನ್ನು ಗದರುತ್ತಾನೆ,
ಡಾಕ್ಟರು ತೆಪ್ಪಗೆ ದಾರಿ ಬಿಡುತ್ತಾರೆ.

ಆಮೇಲೆ ಹಾರ್ನು.
ಗೆರೆಯೆಂದರೆ ಅಲ್ಲಿ ಗೆರೆಯೇನಿಲ್ಲ,
ನಮ್ಮ ಕಂಬಕ್ಕೂ ಆಚೆಯ ಕಿತ್ತಳೆ ತೇಲುಬುರುಡೆಗೂ ನಡುವೆ
ನನ್ನ ಕಣ್ಣು ಎಳೆದದ್ದು ಅಷ್ಟೆ.

ಗಾಳಿ ಸಿಂಹಗಡದ ಕಡೆಯಿಂದ ಬರಬೇಕು.
ಬರುತ್ತದೆ, ಮುನಿದ ಅಳಿಯನಂತೆ:
ಹೊಸ್ತಿಲವರೆಗೆ ಬಂದು
ಮತ್ತೆ ಚಪ್ಪಲಿ ಹುಡುಕುತ್ತದೆ.
ಸಿಂದಗಿ ಕಡೆಯ ನಮ್ಮ ಕಣದಲ್ಲಿ ಅಪ್ಪ
ಮೂರುಕಾಲಿನ ಮೆಟ್ಟಿನ ಮೇಲೆ ಮೊರ ಎತ್ತಿ
ಹೀಗೇ ನಿಂತಿರುತ್ತಿದ್ದ, ತೋಳು ಸೋಲುವ ತನಕ.
ಗಾಳಿ ಬಂದಾಗ ತೂರಿಕೊ ಅಂದರು ಹಿರಿಯರು,
ಬಾರದಾಗ ಏನು ಮಾಡೋದು ಅಂತ ಯಾರೂ ಅನ್ನಲಿಲ್ಲ.

ಎರಡನೆಯ ಸುತ್ತಿಗೆ ಕೆರೆ ಎಣ್ಣೆಯಾಯಿತು.
ಹಾಯಿಗಳು ಒಣಹಾಕಿದ ಧೋತರ.
ದಂಡೆಯಲ್ಲಿ ಶೇಂಗಾ ಹುರಿಯುವವನ ಸೌಟು
ಬಾಣಲೆಗೆ ತಾಗುವುದೂ ಕೇಳುತ್ತಿತ್ತು.
ಮುಂದೆ ಡಾಕ್ಟರು. ಅವರ ಹಿಂದೆಯೇ
ನಾಲ್ಕು-ನಾಲ್ಕು-ಒಂದು-ಏಳು: ಝೇಲಮ್ ಪಾಟಣಕರ್, ಹದಿನೇಳು,
ಹೋದ ವರ್ಷ ದೋಣಿ ಮಗುಚಿ ಕನ್ನಡಕ ನೀರುಪಾಲಾಗಿ
ಈಗ ಅದಕ್ಕೆ ದಾರ ಕಟ್ಟಿಕೊಂಡವಳು.

ಮೇಲಿನ ಬುರುಡೆ ಸುತ್ತುವಾಗ ನನ್ನ ದುರ್ಬೀನು ಅವಳ ಮೇಲಿತ್ತು.
ಹಾಯಿಯ ಅಡ್ಡಗೋಲು ಬುರುಡೆಯನ್ನು ಸವರಿತು.
ಸವರಿತೆ? ಕೆನ್ನೆಯ ಮೇಲೆ ರೆಪ್ಪೆಗೂದಲು ಬಿದ್ದಷ್ಟು.
ಬುರುಡೆ ಅಲುಗಲಿಲ್ಲ.
ಹಿಂದಿನವರು ಅರ್ಧ ಫರ್ಲಾಂಗು ದೂರ, ತಲೆ ತಗ್ಗಿಸಿ
ತಂತಮ್ಮ ಗಾಳಿ ಹುಡುಕುತ್ತಿದ್ದರು.
ಹೋಶಂಗ್ ಸಾಹೇಬರು ಥರ್ಮಾಸಿನ ಮುಚ್ಚಳ ತಿರುಗಿಸುತ್ತಿದ್ದರು.

ಅವಳು ತುಸು ಆಚೆ ಸರಿದಳು,
ಚುಕ್ಕಾಣಿ ಒತ್ತಿದಳು.
ಮುಟ್ಟಿದವರು ಒಂದು ಪೂರ್ತಿ ಸುತ್ತು ತಿರುಗಬೇಕು;
ಗಾಳಿಯಿದ್ದರೆ ಹತ್ತು ಸೆಕೆಂಡಿನ ಕೆಲಸ.

ದೋಣಿಯ ಮೂತಿ ಗಡದ ಕಡೆಗೆ. ನಿಂತಿತು.
ಬಹಳ ಹೊತ್ತಾದ ಮೇಲೆ ಅಣೆಕಟ್ಟಿನ ಕಡೆಗೆ.
ಒಬ್ಬ ದಾಟಿದ. ಇನ್ನಿಬ್ಬರು.
ಹನ್ನೆರಡರ ಹುಡುಗ ದಾಟುತ್ತ ತಿರುಗಿ ನೋಡಿದ,
ಏನೋ ಕೆಟ್ಟು ನಿಂತಿದೆ ಎಂಬಂತೆ.
ಎಡಗಡೆಯ ಗಡಿಯಾರ: ನಾಲ್ಕು ನಿಮಿಷ ಐವತ್ತು.
ತೊಟ್ಟಿಲ ಮಗುವಿನ ಮಗ್ಗುಲು ಬದಲಿಸುವ ಹಾಗೆ,
ಎಚ್ಚರವಾಗದಂತೆ,
ಪೂರ್ತಿ ತಿರುಗಿಸಿದಳು.

"ಕಾಯ್ ಝಾಲಂ ತಿಲಾ?" ಅಂದ ಸೋಪಾನಮಾಮ.
ಏನಿಲ್ಲ ಅಂದೆ.

ಹತ್ತನೆಯವಳಾಗಿ ಗೆರೆ ದಾಟಿದಳು. ಬರೆದೆ:
4417, ಒಂದು ಗಂಟೆ ಇಪ್ಪತ್ತೆರಡು, ಒಂಬತ್ತು ಸೆಕೆಂಡು.
ಪಕ್ಕದಲ್ಲಿ ಷರಾ, ಹೆಬ್ಬೆರಳಗಲದ ಕಾಲಂ.
ಅಲ್ಲಿ ನಾನು ಬರೆಯುವುದು: ಮಗುಚಿತು. ಹಗ್ಗ ಹರಿಯಿತು.
ಹಿಂದೆಗೆದರು, ಹೆಂಡತಿಯ ಫೋನು.

ದಂಡೆಯಲ್ಲಿ ವಡಾಪಾವ್ ಹಿಡಿದ ಕೈಯಲ್ಲೇ
ಕನ್ನಡಕ ಒರೆಸುತ್ತ ಬಂದು ಕೇಳಿದಳು: "ಆಂಟಿ, ನನ್ನ ಟೈಮು?"
ಹೇಳಿದೆ. "ಹಾಂ" ಎಂದು ಹೋದಳು,
ಗಾಜಿಗೆ ಎಣ್ಣೆ ಮೆತ್ತಿಕೊಂಡಿತ್ತು.

ಸಹಿ ಹಾಕಲು ಹೋಶಂಗ್ ಸಾಹೇಬರು ಪಟ್ಟಿ ತೆರೆದರು.
"ಷರಾದಲ್ಲಿ ಇದೇನು, ಸೊನ್ನೆ?"
ಪೆನ್ಸಿಲು ಯಾವಾಗ ಸುತ್ತಿತ್ತೋ.
ರಬ್ಬರು ಕೇಳಿದರು. ಕೊಟ್ಟೆ.

ಐದೂವರೆಗೆ ಗಾಳಿ ಬಂತು,
ಲಾಂಚಿನ ಬಾವುಟಗಳನ್ನೆಲ್ಲ ಮಡಿಸಿಟ್ಟ ಮೇಲೆ.
ಟ್ರಾಲಿಗಳ ಮೇಲೆ ಸಾಲಾಗಿ ನಿಂತ ದೋಣಿಗಳ
ತಾಡಪತ್ರಿ ಉಬ್ಬಿತು, ಇಳಿಯಿತು, ಉಬ್ಬಿತು.