ಅರ್ಧ ನಮಸ್ಕಾರ

ಪೇಪರು ಕೊಯ್ಯುವ ಮಿಶನಿಗೆ ಭಾಷೆ ಇಲ್ಲ.
ಕಾಸರಗೋಡಿನ ಬ್ಯಾಂಕ್ ರೋಡು, ನಮ್ಮ ಪ್ರೆಸ್ಸು,
ಮದುವೆ ಕಾಗದದ ಅಂಚು ಕತ್ತರಿಸುತ್ತಿದ್ದೆ,
ಕನ್ನಡದ ಕಟ್ಟು ಮುಗಿದು ಮಲಯಾಳದ್ದು ಇಟ್ಟಿದ್ದೆ,
ಮಲಯಾಳದ್ದರ ಮೇಲೆ ನನ್ನ ಬಲಗೈ.

‘ಮಿಶನು ಕೈಕೊಟ್ಟಿತು’ ಎಂದರು ನೋಡಲು ಬಂದವರು.
ನಮ್ಮಲ್ಲಿ ಹಾಗೆಯೇ ಹೇಳುವುದು,
ತೆಗೆದುಕೊಂಡದ್ದಕ್ಕೂ.

ಆ ಕೈ ಎಲ್ಲಿ ಹೋಯಿತೆಂದು ಮಂಗಳೂರಿನ ಆಸ್ಪತ್ರೆಯಲ್ಲಿ
ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.
ಇಪ್ಪತ್ತೆರಡು ವರ್ಷ
‘ತಮ್ಮ ಆಗಮನಾಭಿಲಾಷಿಗಳು’ ಎಂದು ಅಚ್ಚು ಜೋಡಿಸಿದ ಕೈ
ಹೋಗುವಾಗ ಒಂದು ಮಾತು ಹೇಳಿಹೋಗಲಿಲ್ಲ.

ಮಳೆ ಹಿಡಿದ ಮೇಲೆ ಮತ್ತೆ ಅಂಗಡಿಗೆ ಬಂದೆ.
ಧಣಿ ಕೌಂಟರಿನಲ್ಲಿ ಕೂರಿಸಿದರು:
‘ಐತಪ್ಪ, ಬಂದವರನ್ನು ಮಾತಾಡಿಸು ನೀನು, ಸಾಕು.’
ಸಾಕಂತೆ!
ಮಾತಾಡಿಸುವುದು ಬಾಯಿಯಿಂದ ಎಂದು ತಿಳಿದಿದ್ದರು.
ನಾನೂ ಹಾಗೆಯೇ ತಿಳಿದಿದ್ದೆ.

ಉಪನಯನದ ಕಾಗದಕ್ಕೆಂದು ಬಂದ ಭಟ್ಟರು ಕೈಮುಗಿದರು.
ನನ್ನ ಎಡಗೈ ಎದ್ದು ಎದೆಯ ನಡುವೆ ನಿಂತಿತು,
ಒಂದೇ ಕದ ಉಳಿದ ಬಾಗಿಲು.
ಭಟ್ಟರು ಕಂಡರು. ಮುಗಿದ ಕೈ ಬೇಗ ಬೇಗ ಬಿಡಿಸಿ
ಒಂದನ್ನು ಬೆನ್ನ ಹಿಂದೆ ಇಟ್ಟುಕೊಂಡರು,
ಎರಡು ಇದ್ದದ್ದೇ ತನ್ನ ತಪ್ಪು ಎಂಬ ಹಾಗೆ.
ಇಲ್ಲದ ಬಲಗೈಯೂ ಎದ್ದಿತ್ತು, ಅವರಿಗೆ ಹೇಗೆ ಹೇಳಲಿ?
ಎಡದ ಅಂಗೈಗೆ ಅದರ ಬಿಸಿ ತಾಗುತ್ತಿತ್ತು.

ಚಿಲ್ಲರೆ ಕೊಡುವುದು ಇನ್ನೊಂದು ಪಜೀತಿ.
ಎಡಗೈಯಲ್ಲಿ ಐದು ಪೈಸೆ ನೀಡಿದ್ದಕ್ಕೆ
ಅಮ್ಮ ಬೆನ್ನಿಗೆ ಬಾರಿಸಿದ್ದಳು;
ನಲವತ್ತು ವರ್ಷವಾದರೂ ಬೆನ್ನು ಮರೆತಿಲ್ಲ.
ನೋಟನ್ನು ಗಾಜಿನ ಮೇಲಿಟ್ಟು ಮೆಲ್ಲ ದೂಡುತ್ತೇನೆ,
‘ಎಡಗೈ, ಬೇಜಾರು ಮಾಡಬೇಡಿ’ ಎನ್ನುತ್ತೇನೆ.
ಬೇಳದ ಸೆವ್ರಿನ್ ಬಾಯಿ ಮಾತ್ರ
ಬಲಗೈಯ ಕೊಡೆ ಬಿಡದೆ ತಾನೂ ಎಡಗೈ ಚಾಚಿದಳು.
ಬೇಕೆಂದೇ ಮಾಡಿದ್ದೋ, ಕೊಡೆ ಒದ್ದೆಯಿದ್ದದ್ದಕ್ಕೋ,
ಕೇಳಲಿಲ್ಲ.
ಕೇಳಿದರೆ ಯಾವುದಾದರೂ ಒಂದೇ ಆಗಿಬಿಡುತ್ತದೆ.

ಮೊಯ್ದುಚ್ಚನಿಗೆ ಸುದ್ದಿ ಮುಟ್ಟಿರಲಿಲ್ಲ,
ಶಾರ್ಜಾದಲ್ಲಿ ಮಗಳ ಬಾಣಂತನ.
ಸಲಾಂ ಎಂದು ಬಲಗೈ ಚಾಚಿದರು ಯಾವತ್ತಿನಂತೆ.
ಅದು ಗಾಳಿಯಲ್ಲೇ ನಿಂತಿತು. ಫ್ಯಾನು ತಿರುಗುತ್ತಿತ್ತು.
ಆಮೇಲೆ ಎರಡೂ ಕೈಯಲ್ಲಿ
ನನ್ನ ಮೋಟು ತುದಿಯನ್ನು ಹಿಡಿದರು,
ಬಿಸಿ ಚಾಯದ ಗ್ಲಾಸು ಹಿಡಿದ ಹಾಗೆ.
ಬಿಟ್ಟು, ಆ ಕೈಯನ್ನು ತನ್ನ ಎದೆಗೆ ಮುಟ್ಟಿಸಿಕೊಂಡರು.
ಏನನ್ನು ಅಲ್ಲಿಗೆ ಕೊಂಡುಹೋದರೋ.
ಮತ್ತೆ ಶುರುವಾಯಿತು ಬೈಗುಳ:
‘ಮಿಶನಿಗೆ ಕೊಟ್ಟೆಯಾ ಮಾರಾಯ,
ನಮಗೆ ಕೊಡಲಿಕ್ಕೆ ಎಂತ ಇಟ್ಟೆ?’

ಹೊರಡುವಾಗ ‘ಹೋಗುತ್ತೇನೆ’ ಎನ್ನುವವರು ಇಲ್ಲ ಈ ಊರಲ್ಲಿ.
ಬರ್ತೇನೆ, ಬರ್ಪೆ, ವರಟ್ಟೆ, ಯೆತಾಂ –
ಬೆನ್ನು ಹಾಕಿ ಮೆಟ್ಟಿಲಿಳಿಯುತ್ತ
ಬರುವ ಮಾತಾಡುವ ಜನ.
ಕೈಯೂ ಹೇಳಿತ್ತೋ ಏನೋ.
ಮಿಶನಿನ ಸದ್ದಿಗೆ ಕೇಳಿಸದೆ ಹೋಯಿತು.

ಸಂಜೆ ಆರೂಕಾಲರ ಬಸ್ಸು. ಬೋರ್ಡಿನಲ್ಲಿ
ಮಲಯಾಳ ದೊಡ್ಡದು, ಕನ್ನಡ ಸಣ್ಣದು,
ಒತ್ತು ಬಿದ್ದುಹೋಗಿ ಮುಳ್ಳೇರಿಯ ‘ಮುಳೇರಿಯ’ ಆಗಿದೆ.
(ಅದಕ್ಕೂ ಒಂದು ಕೈ ಇಲ್ಲ.)
ಒಳಗೆ ಕಾಲಿಡಲು ಜಾಗವಿಲ್ಲ.
ಒಂದು ಕೈ ಕಂಬಿಗೆ, ಇನ್ನೊಂದು ಮಗುವಿಗೆ,
ಟಿಫಿನ್ನಿಗೆ, ಮೀನಿನ ತೊಟ್ಟೆಗೆ.
ಮುಗಿಯಲು, ಕುಲುಕಲು, ಎದೆ ಮುಟ್ಟಲು
ಒಬ್ಬರಿಗೂ ಕೈ ಬಿಡುವಿಲ್ಲ.

ಚೆರ್ಕಳದಲ್ಲಿ ಹತ್ತಿದ ಮಾಧವಿಯಮ್ಮ
ಜನರ ಹೆಗಲ ಎಡೆಯಿಂದ ನನ್ನನ್ನು ಕಂಡು
ಹುಬ್ಬನ್ನು ಒಮ್ಮೆ ಮೇಲೆತ್ತಿ ಇಳಿಸಿದಳು.
ಹೇಗಿದ್ದೀ, ಈಗ ಬಂದದ್ದಾ, ಕೇಳಿ ತಿಳಿಯಿತು, ಉಂಡಿಯಾ,
ಬಂಗುಡೆ ಸಿಕ್ಕಿತು ನೋಡು ಕ್ರಯಕ್ಕೆ –
ಅಷ್ಟೂ ಇತ್ತು ಅದರಲ್ಲಿ.

ನಾನೂ ಎತ್ತಿದೆ,
ಎರಡೂ ಹುಬ್ಬು.

ಅಷ್ಟರಲ್ಲಿ ಕಂಡಕ್ಟರ. ಕಂಬಿ ಬಿಟ್ಟರೆ ಬೀಳುತ್ತೇನೆ.
ಗದ್ದದಿಂದ ಅಂಗಿಯ ಜೇಬು ತೋರಿಸಿದೆ.
ಅವನೇ ಕೈಹಾಕಿ ತೆಗೆದ, ಲೆಕ್ಕ ಮಾಡಿ,
ಬಾಕಿ ಎರಡು ರೂಪಾಯಿ
ಒಳಗೆ ಇಟ್ಟು ತಟ್ಟಿದ.